ದಗಲೆಯ ಕೆಂಪಿನ ಹಿಂದೆ ಏಳು ವಾರ

"ಇನ್ನೊಂದೆರಡು ಟೆಸ್ಟ್ ಸ್ಟ್ರಿಪ್ ಆದರೆ ಎ4 ಪ್ರಿಂಟ್ ತೆಗೆದೇಬಿಡುತ್ತೇನೆ" ಎಂದು, ಯಕ್ಷಗಾನದ ಒಂದು ಫೋಟೋವನ್ನು ಮನೆಯ ಪ್ರಿಂಟರಿನಲ್ಲಿ ಮುದ್ರಿಸುವ ಬಗ್ಗೆ ಹಿಂದಿನ ಸಲ ಬರೆದಿದ್ದೆ. ಟೆಸ್ಟ್ ಸ್ಟ್ರಿಪ್ ಎಂದರೆ ಪೂರ್ತಿ ಪ್ರಿಂಟ್‌ಗೆ ಮೊದಲು ಬಣ್ಣ ನೋಡಲು ತೆಗೆಯುವ ಸಣ್ಣ ತುಂಡು. ಆ ಒಂದೆರಡು ಬೆಳೆದು 31 ಆದವು. ಏಳು ವಾರಗಳು ಕಳೆದವು, ಉಳಿದ ಐದು ಬಣ್ಣಗಳು ಅರ್ಧ ಟ್ಯಾಂಕ್ ದಾಟದಿದ್ದರೂ ಕೆಂಪಿಗೆ ಬೇಕಾದ ಮಜೆಂತಾ ಶಾಯಿ ಮಾತ್ರ ತಳ ಕಂಡಿತು, ಮತ್ತು ಮನೆಯಲ್ಲಿ ನನ್ನ ವಿಷಯದಲ್ಲಿ "ಪುನಃ ಕೆಂಪಾ?" ಎಂಬ ಪ್ರಶ್ನೆ ಗಾದೆಯಂತೆ ಬಳಕೆಗೆ ಬಂತು. ಪ್ರಿಂಟ್ ಈಗ ಸಿದ್ಧವಾಗಿದೆ. ತಪ್ಪು ಎಲ್ಲಿತ್ತು ಎಂಬುದು ಗೊತ್ತಾದ ಮೇಲೆ ಎರಡು ದಿನ ಪ್ರಿಂಟರಿನ ಮುಖ ನೋಡುವುದಕ್ಕೇ ನನಗೆ ಸಂಕೋಚವಾಗುತ್ತಿತ್ತು.

ಚಿತ್ರ ಕಟೀಲಿನ ಹತ್ತಿರದ ಒಂದು ಬಯಲಾಟದ್ದು, ಅಂದರೆ ಬಯಲಿನಲ್ಲಿ ನಡೆದ ಯಕ್ಷಗಾನದ್ದು. ಕೆಂಪು ದಗಲೆ (ವೇಷದ ಅಂಗಿ) ತೊಟ್ಟ ಪುಂಡುವೇಷ, ಅಂದರೆ ತರುಣ ವೀರನ ಪಾತ್ರವೊಂದು, ದಿಗಿಣ ಹೊಡೆಯುತ್ತ (ಸುತ್ತಿ ಹಾರುತ್ತ) ನೆಲ ಬಿಟ್ಟ ಕ್ಷಣ. ಆ ವೇಷ ಕಟ್ಟಿದವರು ಮೂಲ್ಕಿಯಲ್ಲಿ ನಮ್ಮ ಮನೆಯಿಂದ ಹೆಚ್ಚು ದೂರದವರಲ್ಲ. ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಪ್ರಿಂಟ್ ಕೊಡುತ್ತೇನೆ ಎಂದು ಅವರಿಗೆ ಮಾತು ಕೊಟ್ಟಿದ್ದೆ. ಪ್ರಿಂಟ್‌ಗೆ ಮೊದಲಿನ ಮಾಮೂಲಿ ಸಿದ್ಧತೆಗಳನ್ನು ಇಲ್ಲಿ ಬಿಡುತ್ತೇನೆ.

ಮೊದಲ ಮೂರು ಸ್ಟ್ರಿಪ್‌ಗಳ ತೊಂದರೆ ಸುಲಭದ್ದಾಗಿತ್ತು. ದಗಲೆಯ ಮಡಿಕೆಗಳೇ ಕಾಣದೆ, ಎದೆಯ ಮೇಲೆ ಯಾರೋ ಕುಂಕುಮ ಕಲಸಿ ಬಳಿದಂತೆ ಒಂದೇ ಮುದ್ದೆಯಾಗಿತ್ತು. ರಂಗಸ್ಥಳದ ದೀಪಗಳ ಕೆಳಗೆ ಕೆಂಪು ಬಟ್ಟೆಯ ಚಿತ್ರ ತೆಗೆದು, ರಾ ಫೈಲನ್ನು (ಕ್ಯಾಮೆರಾದ ಮೂಲ ಫೈಲ್) ಅವಸರದಲ್ಲಿ ಎಸ್‌ಆರ್‌ಜಿಬಿ ಎಂಬ ಕಿರಿದಾದ ಬಣ್ಣದ ವ್ಯಾಪ್ತಿಗೆ ಇಳಿಸಿದರೆ, ಚಿತ್ರದ ಕೆಂಪು, ಹಸಿರು, ನೀಲಿ ಪದರಗಳಲ್ಲಿ ಒಂದಾದ ಕೆಂಪು ಚಾನೆಲ್ ತನ್ನ ಗರಿಷ್ಠ ಅಂಕಿ 255ಕ್ಕೆ ಹೋಗಿ ಅಲ್ಲೇ ಚಪ್ಪಟೆಯಾಗುತ್ತದೆ. ಒಟ್ಟು ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆಯ ನಕ್ಷೆ) ನೋಡಿದವನಿಗೆ ಅದು ತಿಳಿಯುವುದಿಲ್ಲ; ಚಾನೆಲ್‌ಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಫೈಲನ್ನು ಪುನಃ 16 ಬಿಟ್‌ನಲ್ಲಿ, ಅಂದರೆ ಬಣ್ಣದ ಹೆಚ್ಚು ಸೂಕ್ಷ್ಮ ಹಂತಗಳಲ್ಲಿ, ಅಗಲವಾದ ಬಣ್ಣದ ವ್ಯಾಪ್ತಿಯಲ್ಲಿ ತೆರೆದು, ಕೆಂಪಿನ ಸ್ಯಾಚುರೇಶನ್ (ಬಣ್ಣದ ತೀವ್ರತೆ) ಸ್ವಲ್ಪ ಇಳಿಸಿ, ಹಸಿರು ಚಾನೆಲ್‌ನಲ್ಲಿ ಉಳಿದುಕೊಂಡಿದ್ದ ನೆರಳುಗಳನ್ನು ಮೇಲಕ್ಕೆ ತಂದೆ. ಗಾಢ ಕೆಂಪಿನ ಮಡಿಕೆಗಳು ಹೆಚ್ಚಾಗಿ ಬಚ್ಚಿಟ್ಟುಕೊಳ್ಳುವುದು ಹಸಿರು ಚಾನೆಲ್‌ನಲ್ಲೇ. ನಾಲ್ಕನೆಯ ಸ್ಟ್ರಿಪ್‌ನಲ್ಲಿ ಮಡಿಕೆಗಳು, ಜರಿಯ ಅಂಚು, ಹೊಲಿಗೆಯ ಗೆರೆ ಎಲ್ಲವೂ ಬಂದವು.

ಆದರೆ ಕೆಂಪು ಸತ್ತಿತ್ತು.

ಪರದೆಯ ಮೇಲೆ ಕೇಪಳ ಹೂವಿನಂತಿದ್ದ ಬಣ್ಣ ಕಾಗದದ ಮೇಲೆ ಒಣಗಿದ ಪುನರ್ಪುಳಿ (ಕೋಕಂ) ಸಿಪ್ಪೆಯ ಹಾಗೆ ಕಂದುಗಟ್ಟಿ ಕುಳಿತಿತ್ತು. ಪರದೆಯ ಉಜ್ವಲ ಕೆಂಪಿನ ಒಂದಂಶ ಶಾಯಿಗೆ ಎಟುಕುವುದಿಲ್ಲ ಎಂಬುದನ್ನು ಬಲ್ಲೆ. ಸಾಫ್ಟ್ ಪ್ರೂಫ್ ಮಾಡಿದಾಗ, ಅಂದರೆ ಪ್ರಿಂಟ್ ಹೇಗೆ ಬರುತ್ತದೆಂದು ಮೊದಲೇ ಪರದೆಯಲ್ಲಿ ನೋಡಿದಾಗ, ಪರದೆಯಲ್ಲೂ ಕೆಂಪು ಸ್ವಲ್ಪ ಇಳಿಯುತ್ತಿತ್ತು. ಆದರೆ ಪ್ರೂಫ್ ತೋರಿಸಿದ ಇಳಿತ ಒಂದು ಮೆಟ್ಟಿಲಿನದಾಗಿದ್ದರೆ ನನ್ನ ಕೈಯಲ್ಲಿದ್ದ ಸ್ಟ್ರಿಪ್ ಬಾವಿಗೇ ಬಿದ್ದಿತ್ತು. ಐದನೆಯದರಿಂದ 31ನೆಯದರವರೆಗಿನ ಎಲ್ಲ ಸ್ಟ್ರಿಪ್‌ಗಳೂ ಈ ಬಾವಿಯಿಂದ ಕೆಂಪನ್ನು ಮೇಲೆತ್ತುವ ಪ್ರಯತ್ನಗಳು.

ಮೊದಲ ಅನುಮಾನ ಪ್ರಿಂಟರನ್ನು ನಡೆಸುವ ತಂತ್ರಾಂಶದ, ಅಂದರೆ ಡ್ರೈವರಿನ ಮೇಲೆ. ಫೋಟೋ ಸಾಫ್ಟ್‌ವೇರ್ ಒಮ್ಮೆ, ಡ್ರೈವರ್ ಇನ್ನೊಮ್ಮೆ ಬಣ್ಣ ತಿದ್ದಿದರೆ ಇಬ್ಬರು ಅಡುಗೆಯವರು ಒಂದೇ ಸಾರಿಗೆ ಉಪ್ಪು ಹಾಕಿದಂತಾಗುತ್ತದೆ. ಪರಿಶೀಲಿಸಿದೆ, ಡ್ರೈವರಿನ ಬಣ್ಣದ ತಿದ್ದುಪಡಿ ಆಫ್ ಆಗಿಯೇ ಇತ್ತು. ಕಾಗದಕ್ಕೆ ಎಟುಕದ ಬಣ್ಣಗಳನ್ನು ಹೊಂದಿಸುವ ವಿಧಾನದಲ್ಲಿ ರಿಲೇಟಿವ್ ಬಿಟ್ಟು ಪರ್ಸೆಪ್ಚುವಲ್ ಹಾಕಿದೆ. ಮಡಿಕೆಗಳು ಇನ್ನಷ್ಟು ಮೃದುವಾದವು, ಕೆಂಪು ಏಳಲಿಲ್ಲ. ಪ್ರಿಂಟರಿಗೆ ಕಾಗದದ ಬಗೆ ತಿಳಿಸುವ ಮೀಡಿಯಾ ಟೈಪ್ ಬದಲಿಸಿದೆ. ಇಂಕ್ ಹೆಚ್ಚು ಬಿದ್ದು ಕೆಂಪು ಇನ್ನೂ ಕಪ್ಪಾಯಿತು. ಹಟ ಬಂದು ಸ್ಯಾಚುರೇಶನ್ ಏರಿಸಿದರೆ ನಾಲ್ಕನೆಯ ಸ್ಟ್ರಿಪ್‌ನಲ್ಲಿ ಕಷ್ಟಪಟ್ಟು ತಂದಿದ್ದ ಮಡಿಕೆಗಳು ಪುನಃ ಮುಚ್ಚಿಹೋದವು. ಒಂದು ತೊಂದರೆಯನ್ನು ಒತ್ತಿದಾಗ ಇನ್ನೊಂದು ಮೇಲೇಳುತ್ತಿದ್ದುದರಿಂದ ಇವೆರಡೂ ಒಂದೇ ರೋಗ ಎಂದು ನಾನು ನಂಬಿಬಿಟ್ಟೆ, ಮತ್ತು ಏಳು ವಾರಗಳು ಹಾಳಾದದ್ದು ಈ ನಂಬಿಕೆಯಿಂದಲೇ.

ನಂತರ ಕಾಗದದ ಸರದಿ. ನಾನು ಬಳಸುವ 260 ಜಿಎಸ್‌ಎಂ ದಪ್ಪದ ಲಸ್ಟರ್ (ಅರೆಹೊಳಪಿನ) ಕಾಗದ ಮಂಗಳೂರಿನಲ್ಲಿ ಸಿಗುವುದು ನನಗೆ ತಿಳಿದಂತೆ ಒಂದೇ ಅಂಗಡಿಯಲ್ಲಿ, ಅದರಲ್ಲೂ "ನಾಳೆ ಬನ್ನಿ" ಎಂಬ ಜಾತಿಯ ದಾಸ್ತಾನು. ಐಸಿಸಿ ಪ್ರೊಫೈಲ್, ಅಂದರೆ ಆ ಕಾಗದದ ಮೇಲೆ ಬಣ್ಣ ಹೇಗೆ ಬರುತ್ತದೆಂದು ತಿಳಿಸುವ ಕಂಪ್ಯೂಟರ್ ಫೈಲ್, ಇದೆಯೇ ಎಂದು ಕೇಳಿದರೆ ಅಂಗಡಿಯವರು ಹಿಂದಿನ ಕಪಾಟಿನಲ್ಲಿ ನಿಜವಾಗಿಯೂ ಹುಡುಕಿ ಬಂದು, "ಅದು ಖಾಲಿ ಆಗಿದೆ, ಗ್ಲಾಸಿ ಉಂಟು" ಎಂದರು. ಆನ್‌ಲೈನಿನಲ್ಲಿ ಬೇರೆ ಮಾರಾಟಗಾರರಿಂದ ತರಿಸಿದ ಕಟ್ಟಿನ ನಾಲ್ಕೂ ಮೂಲೆಗಳು ಜಜ್ಜಿದ್ದವು. ದೂರು ಕೊಟ್ಟಾಗ ಬಂದ ಉತ್ತರದಲ್ಲಿ ಕಾಗದವನ್ನು ಬಿಸಿಲಿಗೆ ಹಿಡಿದು ನೇರ ಮಾಡಿಕೊಳ್ಳುವಂತೆ ಸಲಹೆಯಿತ್ತು. ಜುಲೈ ತಿಂಗಳಿನಲ್ಲಿ, ಕರಾವಳಿಯಲ್ಲಿ! ಈ ಪುಣ್ಯಾತ್ಮರಿಗೆ ಒಂದು ಮಳೆಗಾಲವನ್ನು ಪಾರ್ಸೆಲ್ ಮಾಡಿ ಕಳುಹಿಸಬೇಕೆನಿಸಿತು.

ಮಳೆಗಾಲದ ಮೇಲಿನ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ತೇವ ಕುಡಿದ ಕಾಗದದ ಅಂಚು ಹಪ್ಪಳದಂತೆ ಏಳುತ್ತದೆ, ಪ್ರಿಂಟ್ ಹೆಡ್ ಅದಕ್ಕೆ ಉಜ್ಜಿ ಕಪ್ಪು ಗೀರು ಬೀಳುತ್ತದೆ. ಡೈ ಇಂಕ್ (ಬಣ್ಣ ಪೂರ್ತಿ ಕರಗಿರುವ ಶಾಯಿ) ಒಣಗುವಾಗ ಬಣ್ಣ ಸ್ವಲ್ಪ ಸರಿಯುವುದರಿಂದ ಹಸಿ ಪ್ರಿಂಟ್ ನೋಡಿ ತೀರ್ಪು ಕೊಡಬಾರದು. ಬೇಸಿಗೆಯಲ್ಲಿ ಒಂದು ದಿನ ಕಾದರೆ ಸಾಕು, ಈಗ ನಾನು ಎರಡು ದಿನ ಕಾಯುತ್ತೇನೆ. ಹಾಗಾಗಿ ಕಾಗದವನ್ನು ಅಮ್ಮನ ಹಳೆಯ ಅಕ್ಕಿ ಡಬ್ಬಿಗೆ ಸಿಲಿಕಾ ಜೆಲ್ ಸಮೇತ ಸ್ಥಳಾಂತರಿಸಿದೆ. ಗೀರು ನಿಂತಿತು, ಅಂಚು ಸಮವಾಯಿತು. ಕೆಂಪು ಮಾತ್ರ ಪುನರ್ಪುಳಿಯಾಗಿಯೇ ಉಳಿಯಿತು.

ಮಳೆಗಾಲದ ಆಟಿ ತಿಂಗಳ ಒಂದು ಸಂಜೆ, ಮನೆ ಮನೆಗೆ ಹೋಗಿ ಯಕ್ಷಗಾನ ಆಡುವ ಚಿಕ್ಕಮೇಳದವರು ಮನೆಗೆ ಬಂದರು. ದೀಪ, ಅಕ್ಕಿ, ತೆಂಗಿನಕಾಯಿ, ವೀಳ್ಯ ಎಲ್ಲ ಇಟ್ಟು ಚಾವಡಿಯಲ್ಲಿ ಜಾಗ ಮಾಡಿಕೊಟ್ಟಿದ್ದೆವು. ಪುರುಷವೇಷ ಒಳಗೆ ಬಂದಾಗ ಗುರುತು ಸಿಕ್ಕಿತು: ನನ್ನ ಚಿತ್ರದವರೇ. ಮೈಮೇಲಿದ್ದುದು ಬೇರೆ ದಗಲೆ, ಆದರೆ ಅದೇ ಬಗೆಯ ಕೆಂಪು. ಭಾಗವತರು ಪದ ಎತ್ತಿದ್ದಾರೆ, ಮದ್ದಳೆ ನುಡಿಯುತ್ತಿದೆ, ಮನೆಯವರೆಲ್ಲ ಕೈಮುಗಿದು ಕುಳಿತಿದ್ದಾರೆ, ನಾನೊಬ್ಬ ಮಾತ್ರ ದಗಲೆಯನ್ನೇ ದಿಟ್ಟಿಸುತ್ತಿದ್ದೆ. ಏಕೆಂದರೆ ನಮ್ಮ ಚಾವಡಿಯ 9 ವ್ಯಾಟ್ ಎಲ್‌ಇಡಿ ಬಲ್ಬಿನ ಕೆಳಗೆ ಆ ನಿಜವಾದ ಬಟ್ಟೆಯೂ ಒಣಗಿದ ಪುನರ್ಪುಳಿಯ ಬಣ್ಣದಲ್ಲೇ ಇತ್ತು.

ಮಂಗಳ ಹಾಡಿ ಮುಗಿದದ್ದೇ ನಾನು ಬಿಸ್ಕಿಟ್ ಡಬ್ಬಿಯಿಂದ ನಾಲ್ಕನೆಯ ಸ್ಟ್ರಿಪ್ ತಂದು ಅವರ ತೋಳಿಗೆ ಹಿಡಿದೆ. ಎರಡೂ ಸಮಸಮ ಸತ್ತಿದ್ದವು. "ಇದು ಬಣ್ಣ ಸರಿಯೇ ಉಂಟಲ್ಲ ಮಾರಾಯ್ರೆ, ಇಷ್ಟು ದಿನ ಯಾಕೆ ತಡ ಮಾಡಿದ್ದು?" ಎಂದು ಅವರು ಕೇಳಿದರು. ಉತ್ತರ ಕೊಡುವ ಬದಲು ನಾನು ಅವರನ್ನು ವೇಷ ಸಮೇತ ಬಚ್ಚಲುಮನೆಯ ಬಾಗಿಲಿಗೆ ಕರೆದುಕೊಂಡು ಹೋದೆ. ನಮ್ಮ ಮನೆಯಲ್ಲಿ 60 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬ್ ಉಳಿದಿರುವುದು ಅಲ್ಲೊಂದೇ ಕಡೆ. ಸ್ವಿಚ್ ಹಾಕಿದೆ. ದಗಲೆಯೂ ಸ್ಟ್ರಿಪ್ಪೂ ಒಟ್ಟಿಗೇ ಕೆಂಡವಾದವು. ಭಾಗವತರು ಅಮ್ಮನನ್ನು "ಅವರು ಹುಷಾರಾಗಿದ್ದಾರಲ್ಲ?" ಎಂದು ಕೇಳಿದ್ದು ಅಲ್ಲಿಯವರೆಗೂ ಕೇಳಿಸಿತು.

ಕಾರಣ ಸರಳವಾದದ್ದು. ಸಾಧಾರಣ ಬಿಳಿ ಎಲ್‌ಇಡಿಯ ಒಳಗಿರುವುದು ನೀಲಿ ಚಿಪ್. ಅದರ ಮೇಲಿನ ಹಳದಿ ಫಾಸ್ಫರ್ ಲೇಪ ಆ ನೀಲಿಯ ಒಂದಂಶವನ್ನು ಹಳದಿಯಾಗಿಸಿದಾಗ ಎರಡೂ ಬೆರೆತು ಕಣ್ಣಿಗೆ ಬಿಳಿಯೆನಿಸುತ್ತದೆ. ಆ ಬಿಳಿಯಲ್ಲಿ ಗಾಢ ಕೆಂಪಿನ ಪಾಲು ಬಹಳ ಕಡಿಮೆ. ಕೆಂಪು ಬಟ್ಟೆಯಾಗಲಿ, ಮಜೆಂತಾ ಮತ್ತು ಹಳದಿ ಸೇರಿ ಕಾಗದದ ಮೇಲೆ ಆದ ಕೆಂಪಾಗಲಿ, ತನ್ನ ಮೇಲೆ ಬಿದ್ದ ಕೆಂಪು ಬೆಳಕನ್ನು ಹಿಂದಿರುಗಿಸಬಲ್ಲುದೇ ಹೊರತು ಬೀಳದ್ದನ್ನು ಎಲ್ಲಿಂದ ತಂದೀತು? ಪರದೆಯ ಕೆಂಪಿಗೆ ಈ ಹಂಗಿಲ್ಲ, ಅದರ ಬೆಳಕು ಅದರದ್ದೇ. ಹಾಗಾಗಿ ಪರದೆಯೂ ಪ್ರಿಂಟೂ ನನ್ನ ಮೇಜಿನ ಮೇಲೆ ಎಂದೂ ಹೊಂದುವಂತಿರಲಿಲ್ಲ. ಬಲ್ಬಿನ ಡಬ್ಬದ ಮೇಲೆ ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆಂಬ ಅಂಕ) 80 ಎಂದು ಬರೆದಿರುವುದನ್ನು ಓದಿ ನಾನು ಸಮಾಧಾನದಿಂದಿದ್ದೆ; ಆದರೆ ಆ ಅಂಕಿ ಮೊದಲ ಎಂಟು ತೆಳು ಬಣ್ಣದ ಮಾದರಿಗಳ ಸರಾಸರಿ ಮಾತ್ರ. ಗಾಢ ಕೆಂಪಿನ ಮಾದರಿ ಒಂಬತ್ತನೆಯದು, ಆರ್9. ಅದು ಸರಾಸರಿಯ ಲೆಕ್ಕಕ್ಕೇ ಬರುವುದಿಲ್ಲ, ಮತ್ತು 80ರ ಬಲ್ಬುಗಳಲ್ಲಿ ಹಲವಕ್ಕೆ ಆರ್9 ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಪ್ರಿಂಟ್‌ಗಳನ್ನು ಹೋಲಿಸಿ ನೋಡಲು ಹಗಲಿನ ಬೆಳಕನ್ನು ಹೋಲುವ, 5000 ಕೆಲ್ವಿನ್‌ನ ಡಿ50 ಬೆಳಕು ಬೇಕೆಂದು ಐಎಸ್‌ಒ 3664 ಎಂಬ ಅಂತರರಾಷ್ಟ್ರೀಯ ಮಾನಕ ಹೇಳುತ್ತದೆ ಎಂಬುದನ್ನು ನಾನೇ ಎರಡು ವರ್ಷಗಳ ಹಿಂದೆ ಇನ್ನೊಬ್ಬರಿಗೆ ದೊಡ್ಡದಾಗಿ ಬೋಧಿಸಿದ್ದೆ.

ಮರುದಿನ ಬೆಳಿಗ್ಗೆ ಮೋಡದ ಬೆಳಕಿನಲ್ಲಿ 31 ಸ್ಟ್ರಿಪ್‌ಗಳನ್ನೂ ಜಗಲಿಯ ಮೇಲೆ ಸಾಲಾಗಿ ಜೋಡಿಸಿದೆ. ಹನ್ನೆರಡನೆಯದರ ನಂತರದವುಗಳನ್ನು ನೋಡಲಾಗುತ್ತಿರಲಿಲ್ಲ. ಮಡಿಕೆಯಿಲ್ಲ, ನೆರಳಿಲ್ಲ, ಮುಖದ ಬಣ್ಣಕ್ಕೂ ಕೆಂಪು ಹತ್ತಿದೆ. ಕತ್ತಲೆಯ ಕೋಣೆಯಲ್ಲಿ ಸಾರಿಗೆ ಮೆಣಸು ಹಾಕುತ್ತ ಹೋದವನ ಸ್ಥಿತಿ ನನ್ನದಾಗಿತ್ತು. ಸರಿಯಾಗಿದ್ದದ್ದು ನಾಲ್ಕನೆಯದು. ಹಿಂದೆ ಪೆನ್ಸಿಲಿನಲ್ಲಿ ನಾನೇ ಬರೆದದ್ದು: "ಪ್ರಯೋಜನ ಇಲ್ಲ."

ಇನ್ನು ಬಲ್ಬಿನ ಬೇಟೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಆರ್9 ಎಂದಾಗ 9 ವ್ಯಾಟಿನದನ್ನೇ ಕೊಟ್ಟರು. ಆನ್‌ಲೈನಿನಲ್ಲಿ ಸಿಆರ್‌ಐ 95ರದ್ದು, ಆರ್9 ಬೇರೆಯಾಗಿ ನಮೂದಿಸಿರುವಂಥದ್ದು ಸಿಕ್ಕಿತು. ಬಿ22 ಪಿನ್ ಎಂದು ಸ್ಪಷ್ಟವಾಗಿ ಆರ್ಡರ್ ಮಾಡಿದ್ದರೂ ಬಂದದ್ದು ಇ27 ತಿರುಪಿನದು. ಹಿಂದಿರುಗಿಸಿ ಇನ್ನೊಂದು ವಾರ ಕಾಯುವ ತಾಳ್ಮೆ ಇಲ್ಲದೆ ನೂರು ರೂಪಾಯಿಯೊಳಗಿನ ಕನ್ವರ್ಟರ್ ಹಾಕಿ ಮೇಜಿನ ಮೇಲೆ ತೂಗಿಸಿದ್ದೇನೆ. ಈ ಬೆಳಕಿನಲ್ಲಿ ಸಾಫ್ಟ್ ಪ್ರೂಫ್ ಹೇಳಿದ್ದಕ್ಕೂ ಕಾಗದದ ಮೇಲೆ ಬಂದದ್ದಕ್ಕೂ ಇರುವ ವ್ಯತ್ಯಾಸ ನಿಜಕ್ಕೂ ಒಂದು ಮೆಟ್ಟಿಲಿನದೇ. ಮಾನಿಟರಿನ ಪ್ರಕಾಶವನ್ನು 120 ಕ್ಯಾಂಡೆಲಾದಿಂದ 90ಕ್ಕೆ ಇಳಿಸಿದ ಮೇಲೆ ಅದೂ ಅರ್ಧವಾಯಿತು. ನಾಲ್ಕನೆಯ ಸ್ಟ್ರಿಪ್‌ನ ಫೈಲಿಗೆ ಬೇರೇನೂ ಸೇರಿಸದೆ ಎ4 ತೆಗೆದೆ.

ಮಜೆಂತಾ ಹೊಸ ಬಾಟಲಿ ಬರುವವರೆಗೆ ಕೈ ಕಟ್ಟಿ ಕೂರುವ ಬದಲು ಮುಂದಿನ ಕೆಲಸಕ್ಕೆ ಫೈಲುಗಳನ್ನು ತೆರೆದಿದ್ದೇನೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳ ಹಳೆಯ ಚಿತ್ರಗಳಿವೆ. ಅವನ್ನು ಪಾರದರ್ಶಕ ಹಾಳೆಯ ಮೇಲೆ ನೆಗೆಟಿವ್ ಆಗಿ ಪ್ರಿಂಟ್ ಮಾಡಿ ಸೈನೋಟೈಪ್, ಅಂದರೆ ಬಿಸಿಲಿನಲ್ಲಿ ಮೂಡುವ ನೀಲಿ ಚಿತ್ರ, ತೆಗೆಯುವ ಆಸೆ. ಇಂಗ್ಲಿಷ್ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಈ ವಿಧಾನಕ್ಕೆ ಬೇಕಾದದ್ದು ಎರಡು ರಾಸಾಯನಿಕ, ನೀರು ಮತ್ತು ಬಿಸಿಲು. ನೀರಿನ ಕೊರತೆ ಸದ್ಯಕ್ಕಿಲ್ಲ. ನೆಗೆಟಿವ್‌ಗೆ ಡೈ ಇಂಕ್ ಸಾಕಷ್ಟು ಅಲ್ಟ್ರಾವಯಲೆಟ್ ತಡೆಯುತ್ತದೆಯೇ ಎಂಬುದನ್ನು ಬಿಸಿಲು ಬಂದ ಮೇಲೆ ನೋಡಬೇಕು. ನೀಲಿಯೊಂದೇ ಬಣ್ಣ, ಕೆಂಪಿನ ಗೊಡವೆಯಿಲ್ಲ ಎಂಬ ಕಾರಣಕ್ಕೇ ಈ ಯೋಜನೆ ನನಗೆ ಇಷ್ಟವಾಗಿದೆ.

ನಿನ್ನೆ ಪ್ರಿಂಟ್ ಕೊಡಲು ಆ ವೇಷಧಾರಿಯವರ ಮನೆಗೆ ಹೋಗಿದ್ದೆ. ಅವರ ಚಾವಡಿಯಲ್ಲೂ ಅದೇ ಕಂದುಗೆಂಪು ಕಾಣುತ್ತದೆಂದು ಮೊದಲೇ ಊಹಿಸಿ, ಸಿಆರ್‌ಐ 95ರ ಇನ್ನೊಂದು ಬಲ್ಬನ್ನು ಕನ್ವರ್ಟರ್ ಸಮೇತ ಚಿತ್ರದ ಜೊತೆಗೇ ಕಟ್ಟಿ ಒಯ್ದಿದ್ದೆ. ಅವರು ಚಿತ್ರ ನೋಡಿ ಸಂತೋಷಪಟ್ಟರು, ಕಾಫಿ ಕೊಟ್ಟರು, ನಾನು ಹೇಳಿದ ಆರ್9 ಪುರಾಣವನ್ನೂ ಪೂರ್ತಿ ಕೇಳಿದರು. ಆಮೇಲೆ ಮೇಲೆ ನೋಡಿದರೆ ಚಾವಡಿಯಲ್ಲಿ ಇದ್ದದ್ದು ಟ್ಯೂಬ್‌ಲೈಟ್, ಬಲ್ಬಿನ ಹೋಲ್ಡರೇ ಇಲ್ಲ. ಭಾನುವಾರ ವೈರ್ ಮತ್ತು ಹೋಲ್ಡರ್ ಹಿಡಿದುಕೊಂಡು ಪುನಃ ಹೋಗಬೇಕು.