ಕೂಸು ಬರುವ ಮುನ್ನ ಕುಲಾವಿ, ಕುಲಾವಿಗೂ ಮುನ್ನ ಕ್ಯಾಮೆರಾ

ಕಳೆದ ತಿಂಗಳು ಮುಂಬೈ ಪಕ್ಕದ ಠಾಣೆಯ ಘೋಡ್‌ಬಂದರ್ ರಸ್ತೆಯ ಒಂದು ಫ್ಲಾಟಿನಲ್ಲಿ, ಇನ್ನೂ ಬಾರದ ಮಗುವೊಂದಕ್ಕಾಗಿ ಸಿದ್ಧಪಡಿಸಿದ್ದ ಕೋಣೆಯನ್ನು ನೋಡಿ ಬಂದೆ. ದತ್ತು ಪಡೆಯಲು ನೋಂದಾಯಿಸಿಕೊಂಡವರ ಮನೆಗೆ ಹೋಗಿ, ಅವರೊಡನೆ ಮಾತನಾಡಿ, ಅವರ ಶಕ್ತಿ ಮತ್ತು ಭಯ ಎರಡನ್ನೂ ಅಳೆದು ವರದಿ ಬರೆಯುವುದು ಹತ್ತೊಂಬತ್ತು ವರ್ಷಗಳಿಂದ ನನ್ನ ಕೆಲಸ. ನಮ್ಮಲ್ಲಿ ಇದನ್ನು ಹೋಮ್ ಸ್ಟಡಿ ಎನ್ನುತ್ತೇವೆ. ಕೋಣೆಯ ಗೋಡೆಗೆ ತಿಳಿ ಹಳದಿ ಬಣ್ಣ ಬಳಿದಿತ್ತು, ಕಿಟಕಿಗೆ ಹೊಸ ಗ್ರಿಲ್ ಬಂದಿತ್ತು, ಬಚ್ಚಲಿನ ನೆಲಕ್ಕೆ ಜಾರದ ಹೆಂಚು ಹಾಕಿಸಿದ್ದರು. ಮಂಚ ಇಡಬೇಕಾದ ಮೂಲೆಯಲ್ಲಿ ಮಾತ್ರ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ, ವಿಡಿಯೊ ತೆಗೆಯುವಾಗ ಮುಖಕ್ಕೆ ಬೆಳಕು ಹಿಡಿಯುವ ಒಂದು ರಿಂಗ್ ಲೈಟ್ ನಿಂತಿತ್ತು.

ದಂಪತಿ ಕುಂದಾಪುರದ ಕಡೆಯವರು. ಅಡುಗೆ, ಹಬ್ಬ, ಊರಿನ ಓಡಾಟ ಇವುಗಳನ್ನೇ ತೋರಿಸುವ ಅವರ ಕನ್ನಡ ಚಾನೆಲ್ಲಿಗೆ ಸಾಕಷ್ಟು ನೋಡುಗರಿದ್ದಾರೆ. ಒಬ್ಬ ಮಗಳಿದ್ದಾಳೆ; ಎರಡನೆಯದಾಗಿ ವಿಶೇಷ ಅಗತ್ಯದ ಮಗುವೊಂದನ್ನು ತರಬೇಕೆಂಬ ಇಚ್ಛೆ. ಕಾಫಿ ಕೊಡುತ್ತಾ ಆಕೆ ಕೇಳಿದರು: "ಅಕ್ಕ, ಮಗು ಮನೆಗೆ ಬರುವ ದಿನ ವಿಡಿಯೊ ಮಾಡಬಹುದಲ್ವಾ? ನೋಡಿದವರಲ್ಲಿ ಇನ್ನೂ ನಾಲ್ಕು ಜನರಿಗೆ ಇಂಥ ಮಗು ತರಬೇಕು ಅನ್ನಿಸಿದರೂ ಸಾಕು." ಅದರಲ್ಲಿ ಕಪಟವಿರಲಿಲ್ಲ. ಕಪಟವಿದ್ದಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು, ಈ ಬರಹದ ಅಗತ್ಯವೂ ಇರುತ್ತಿರಲಿಲ್ಲ.

ಅವರಿಗೆ ಆ ದಿನ ನಾನು ಅಮೆರಿಕದ ಒಹಾಯೊ ರಾಜ್ಯದ ಯೂಟ್ಯೂಬ್ ದಂಪತಿಯೊಂದರ ಕಥೆಯನ್ನು ಹೇಳಿದೆ. 2017ರಲ್ಲಿ ಅವರು ಚೀನಾದಿಂದ, ಮೆದುಳಿನ ತೊಂದರೆಯಿದ್ದ ಪುಟ್ಟ ಹುಡುಗನೊಬ್ಬನನ್ನು ದತ್ತು ತಂದರು. ಅರ್ಜಿ ಹಾಕಿದ ದಿನದಿಂದ ಮಗುವನ್ನು ಎತ್ತಿಕೊಂಡ ಕ್ಷಣದವರೆಗೆ ಎಲ್ಲವೂ ವಿಡಿಯೊ ಸರಣಿಯಾಯಿತು. ಐದು ಡಾಲರ್ ದೇಣಿಗೆಗೆ ಒಂದು ತುಣುಕಿನಂತೆ, ಸಾವಿರ ತುಣುಕುಗಳ ಜಿಗ್ಸಾ ಒಗಟಿನ ಹಿಂದಿನಿಂದ ಮಗುವಿನ ಚಿತ್ರವನ್ನು ಸ್ವಲ್ಪ ಸ್ವಲ್ಪವೇ ತೆರೆದು ತೋರಿಸುವ ನಿಧಿ ಸಂಗ್ರಹವೂ ನಡೆಯಿತು. 2020ರ ಮೇ ತಿಂಗಳಲ್ಲಿ ಅದೇ ದಂಪತಿ ಅದೇ ಚಾನೆಲ್ಲಿನಲ್ಲಿ ಕುಳಿತು, ಮಗುವಿನ ಅಗತ್ಯಗಳು ತಾವು ತಿಳಿದಿದ್ದಕ್ಕಿಂತ ಬಹಳ ಹೆಚ್ಚಾಗಿದ್ದವೆಂದೂ ಅವನನ್ನು ಬೇರೆ ಕುಟುಂಬಕ್ಕೆ ಒಪ್ಪಿಸಿದ್ದೇವೆಂದೂ ಅಳುತ್ತಾ ಹೇಳಿದರು. ಸ್ಥಳೀಯ ಶೆರಿಫ್ ಕಚೇರಿ ವಿಚಾರಣೆ ನಡೆಸಿ, ಯಾವ ಮೊಕದ್ದಮೆಯನ್ನೂ ಹೂಡದೆ ಮುಗಿಸಿತು. ಆ ಹುಡುಗನ ಹೆಸರು ಹುಡುಕಿದವರಿಗೆಲ್ಲ ಸಿಗುತ್ತದೆ. ಸಿಗುತ್ತದೆ ಎಂಬ ಕಾರಣಕ್ಕೇ ನಾನು ಇಲ್ಲಿ ಬರೆಯುವುದಿಲ್ಲ.

ಆಗ ಜನ ಆ ತಾಯಿಯನ್ನು ಬೈದ ಬಗೆ ನೆನಪಿದೆ. ಬೈದವರಲ್ಲಿ ಬಹಳಷ್ಟು ಮಂದಿ, ಮೂರು ವರ್ಷಗಳ ಹಿಂದೆ ಮಗು ಬಂದ ವಿಡಿಯೊಕ್ಕೆ ಹೃದಯದ ಚಿಹ್ನೆ ಒತ್ತಿದವರೇ ಇದ್ದಿರಬೇಕು. ಮಗುವನ್ನು ಹಿಂದಿರುಗಿಸಿದ್ದು ಮಾತ್ರವೇ ತಪ್ಪು ಎಂಬ ತೀರ್ಮಾನ ಸುಲಭದ್ದು. ಈ ಕೆಲಸದಲ್ಲಿರುವ ನಾನು ಅದನ್ನು ಒಪ್ಪಲಾರೆ.

ಹಿಂದಿರುಗಿಸುವುದು ನಮ್ಮ ದೇಶದಲ್ಲೂ ಇದೆ, ಕಾನೂನೇ ಅದಕ್ಕೊಂದು ದಾರಿಯಿಟ್ಟಿದೆ. ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ನಾವೆಲ್ಲ ಕಾರಾ ಎನ್ನುವ ಸಂಸ್ಥೆಯ ಮೂಲಕ ಮಗು ಗೊತ್ತಾದ ಮೇಲೆ, ಅದು ಮೊದಲು ದತ್ತುಪೂರ್ವ ಪೋಷಣೆಯಲ್ಲಿ ಆ ಮನೆಗೆ ಬರುತ್ತದೆ. ಆಮೇಲೆ ದತ್ತು ಆದೇಶ ಆಗುತ್ತದೆ. 2021ರ ತಿದ್ದುಪಡಿಯ ನಂತರ ಆ ಆದೇಶ ಕೊಡುವವರು ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಗಳು. ಆದೇಶಕ್ಕೆ ಮುಂಚೆಯೇ ಹೊಂದಾಣಿಕೆ ಆಗದೆ ಮಗು ಸಂಸ್ಥೆಗೆ ಮರಳಿದರೆ ಅದಕ್ಕೊಂದು ಹೆಸರು, ಆದೇಶವಾದ ಮೇಲೆ ಅದು ರದ್ದಾದರೆ ಇನ್ನೊಂದು ಹೆಸರು. ಆದೇಶದ ನಂತರವೂ ಎರಡು ವರ್ಷ, ಆರು ತಿಂಗಳಿಗೊಮ್ಮೆ, ನಮ್ಮಂಥವರು ಹೋಗಿ ನೋಡಿ ವರದಿ ಹಾಕಬೇಕು. ಇಷ್ಟೆಲ್ಲ ವ್ಯವಸ್ಥೆ ನಿಂತಿರುವುದು ಒಂದೇ ಒಂದು ನಂಬಿಕೆಯ ಮೇಲೆ: ಕಷ್ಟವಾದಾಗ ಆ ತಂದೆತಾಯಿ ನಮಗೆ ನಿಜ ಹೇಳುತ್ತಾರೆ ಎಂಬುದರ ಮೇಲೆ.

ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮುಂಬೈಯ ಪಶ್ಚಿಮ ಉಪನಗರದ ಒಂದು ಕುಟುಂಬಕ್ಕೆ ಐದು ವರ್ಷದ, ಕಿವಿ ಮಂದವಾಗಿದ್ದ ಹುಡುಗನೊಬ್ಬ ಹೋದ. ಅವರು ಸೊಸೈಟಿಯ ಹಾಲಿನಲ್ಲಿ ಇನ್ನೂರು ಜನರನ್ನು ಕರೆದು ನಾಮಕರಣ ಮಾಡಿದರು. ಫೋಟೊಗಳಲ್ಲಿ ಹುಡುಗ ಜರಿಯಂಚಿನ ಪಂಚೆ ಉಟ್ಟು ನಿಂತಿದ್ದಾನೆ, ಶ್ರವಣ ಸಾಧನ ಕಿವಿಯಲ್ಲಿಲ್ಲ. ಚಿತ್ರಕ್ಕೆ ಚೆನ್ನಾಗಿರುವುದಿಲ್ಲವೆಂದು ತೆಗೆಸಿದ್ದರು. ಆಮೇಲೆ ನಾನು ವಾರಕ್ಕೊಮ್ಮೆ ಫೋನ್ ಮಾಡಿದೆ. ಪ್ರತಿ ವಾರವೂ "ಎಲ್ಲ ಚೆನ್ನಾಗಿದೆ" ಎಂಬ ಉತ್ತರ. ಏಳನೆಯ ವಾರದ ಒಂದು ಮಧ್ಯಾಹ್ನ, ಮುನ್ಸೂಚನೆಯಿಲ್ಲದೆ, ಹುಡುಗನನ್ನೂ ಅವನ ಸೂಟ್‌ಕೇಸನ್ನೂ ತಂದು ಬಿಟ್ಟರು. ರಾತ್ರಿಯಿಡೀ ಕಿರುಚುತ್ತಿದ್ದನಂತೆ, ಕಚ್ಚುತ್ತಿದ್ದನಂತೆ. ಮೊದಲ ವಾರವೇ ಏಕೆ ಹೇಳಲಿಲ್ಲ ಎಂದು ಕೇಳಿದಾಗ ಆ ತಂದೆ, ಇನ್ನೂರು ಜನ ಊಟ ಮಾಡಿ ಹರಸಿ ಹೋದ ಮೇಲೆ ಯಾವ ಬಾಯಲ್ಲಿ ಹೇಳಲಿ ಎಂದರು. ಹುಡುಗ ನಮ್ಮ ಮಾತಿಗೆ ನಿಲ್ಲದೆ ನೇರವಾಗಿ ಊಟದ ಕೋಣೆಗೆ ಹೋಗಿ, ತನ್ನ ಸ್ಟೀಲ್ ತಟ್ಟೆ ಇರುತ್ತಿದ್ದ ಅಟ್ಟಣಿಗೆಯನ್ನು ನೋಡಿದ. ಆ ತಟ್ಟೆಯನ್ನು ಅಷ್ಟರಲ್ಲಿ ಇನ್ನೊಂದು ಮಗುವಿಗೆ ಕೊಟ್ಟಾಗಿತ್ತು.

ಕೆಲವು ವರ್ಷಗಳ ಬಳಿಕ ಇನ್ನೊಬ್ಬ ತಾಯಿ, ಮಗು ಮನೆಗೆ ಬಂದ ಹನ್ನೆರಡನೆಯ ದಿನ, ರಾತ್ರಿ ಹತ್ತಕ್ಕೆ ನನಗೆ ಫೋನ್ ಮಾಡಿ "ನನ್ನ ಕೈಲಿ ಆಗ್ತಿಲ್ಲ ಅಕ್ಕ" ಎಂದು ಅತ್ತರು. ಆಗ ಅವರ ಮನೆಯವರನ್ನು ಬಿಟ್ಟು ಬೇರಾರಿಗೂ ಮಗು ಬಂದ ವಿಷಯ ತಿಳಿದಿರಲಿಲ್ಲ. ಎರಡು ತಿಂಗಳು ಥೆರಪಿಸ್ಟರನ್ನು ಜೊತೆಗಿಟ್ಟುಕೊಂಡು ಪ್ರಯತ್ನಿಸಿದೆವು. ಆದರೂ ಹೊಂದಲಿಲ್ಲ, ಮಗು ಹಿಂದಿರುಗಿತು. ಆದರೆ ಅದಕ್ಕೆ ಹೇಳಿ, ತಯಾರು ಮಾಡಿ, ಆ ತಾಯಿಯೇ ಸಂಸ್ಥೆಗೆ ನಾಲ್ಕು ಸಲ ಬಂದು ಹೋಗಿ ಮಾಡಿದ ಮೇಲೆ ಹಿಂದಿರುಗಿತು. ಮಗುವಿನ ಅಗತ್ಯಗಳ ಬಗ್ಗೆ ಆಕೆ ಬರೆದುಕೊಟ್ಟ ಎಂಟು ಪುಟ ಮುಂದಿನ ಕುಟುಂಬಕ್ಕೆ ನಮ್ಮ ಎಲ್ಲ ಕಡತಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂತು. ಆಕೆಯನ್ನು ಕೆಟ್ಟವಳೆಂದು ನಾನು ಎಂದೂ ಎಣಿಸಿಲ್ಲ.

ಇನ್ನೂರು ಜನರ ಹಾಲ್ ಈಗ ಎರಡು ಲಕ್ಷ ಜನರ ಚಾನೆಲ್ ಆಗಿದೆ, ಊಟದ ಬದಲು ಜಾಹೀರಾತಿನ ಹಣ ಬಂದಿದೆ. ಮಗು ಬರುವ ಮುನ್ನವೇ ಹೊಗಳಿಸಿಕೊಂಡವರಿಗೆ, ಬಂದ ಮೇಲೆ ಸೋಲನ್ನು ಒಪ್ಪಿಕೊಳ್ಳುವ ಜಾಗ ಉಳಿದಿರುವುದಿಲ್ಲ. ಎರಡನೆಯ ರಾತ್ರಿ ಬಾಗಿಲಿಗೆ ತಲೆ ಚಚ್ಚಿಕೊಂಡ ಮಗುವಿನ ಬಗ್ಗೆ ಸಮಾಜ ಕಾರ್ಯಕರ್ತೆಗೆ ಹೇಳಬೇಕಾದವರು, ಆ ಹೊತ್ತಿಗೆ ಮೊದಲ ಸ್ನಾನದ ವಿಡಿಯೊವನ್ನು ಎಡಿಟ್ ಮಾಡುತ್ತಿರುತ್ತಾರೆ. ಅದೂ ಬೇಡವೆಂದರೆ ತಲೆ ಚಚ್ಚಿಕೊಂಡದ್ದೇ ವಿಡಿಯೊ ಆಗುತ್ತದೆ, ತಾಯಿಯ ಸಹನೆಯ ಸಾಕ್ಷಿಯಾಗಿ.

ವಿಶೇಷ ಅಗತ್ಯದ ಮಕ್ಕಳ ವಿಷಯದಲ್ಲಿ ಈ ಅಪಾಯ ಹೆಚ್ಚು, ಅದಕ್ಕೆ ಸರತಿಯೂ ಒಂದು ಕಾರಣ. ಆರೋಗ್ಯವಂತ ಎಳೆಮಗುವಿಗೆ ಮೂರು ವರ್ಷಕ್ಕೂ ಹೆಚ್ಚು ಕಾಯಬೇಕಾಗುತ್ತದೆ; ವಿಶೇಷ ಅಗತ್ಯವೆಂದು ಗುರುತು ಹಾಕಿದರೆ ಕಾಯುವಿಕೆ ಬಹಳ ಕಡಿಮೆ. ಈಗಾಗಲೇ ಎರಡು ಅಥವಾ ಹೆಚ್ಚು ಮಕ್ಕಳಿರುವ ದಂಪತಿಗೆ 2022ರ ನಿಯಮಗಳು, ಸಂಬಂಧಿಕರ ಮಕ್ಕಳಂಥ ವಿನಾಯಿತಿಗಳನ್ನು ಬಿಟ್ಟರೆ, ವಿಶೇಷ ಅಗತ್ಯದ ಅಥವಾ ಮನೆ ಸಿಗುವುದು ಕಷ್ಟವಾದ ಮಕ್ಕಳನ್ನು ಮಾತ್ರ ತೋರಿಸುತ್ತವೆ. ಹೀಗಾಗಿ ಈ ಮಕ್ಕಳ ಬಳಿಗೆ ನಿಜವಾದ ಸಿದ್ಧತೆಯುಳ್ಳವರೂ ಬರುತ್ತಾರೆ, ಅವಸರದವರೂ ಬರುತ್ತಾರೆ. ಸೀಳುತುಟಿ ಒಂದು ಶಸ್ತ್ರಚಿಕಿತ್ಸೆಯಲ್ಲಿ ಸರಿಹೋಗಬಹುದು. ಸೆರೆಬ್ರಲ್ ಪಾಲ್ಸಿ ಹಾಗಲ್ಲ, ಆಟಿಸಂ ಹಾಗಲ್ಲ, ಮೂರು ವರ್ಷದವರೆಗೆ ಸಂಸ್ಥೆಯಲ್ಲಿ ಬೆಳೆದ ಮಗುವಿನ ವೈದ್ಯಕೀಯ ವರದಿಯಲ್ಲಿ ಕಾಣದೆ ಉಳಿಯುವುದೂ ಬಹಳ ಇರುತ್ತದೆ. ಕ್ಯಾಮೆರಾಕ್ಕೆ ಬೇಕಾದದ್ದು ಸುಧಾರಣೆಯ ಕಥೆ. ಐದು ವರ್ಷವಾದರೂ ಚಮಚ ಹಿಡಿಯಲು ಕಲಿಯದ ಮಗುವನ್ನು ಯಾರು ನೋಡುತ್ತಾರೆ?

ಕಾನೂನಿನ ಬಗ್ಗೆ ಆ ದಂಪತಿಗೆ ಹೇಳಿದ್ದನ್ನು ಇಲ್ಲೂ ಹೇಳಿಬಿಡುತ್ತೇನೆ. ದತ್ತು ಆದೇಶ ಆಗುವವರೆಗೆ ಅದು ಪೋಷಣೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು. ಅಂಥ ಮಗುವಿನ ಹೆಸರು, ವಿಳಾಸ, ಚಿತ್ರ, ಗುರುತು ಹತ್ತುವ ಯಾವ ವಿವರವನ್ನೂ ಪ್ರಕಟಿಸಬಾರದೆಂದು 2015ರ ಬಾಲನ್ಯಾಯ ಕಾಯ್ದೆಯ 74ನೆಯ ಸೆಕ್ಷನ್ ಹೇಳುತ್ತದೆ. ಉಲ್ಲಂಘಿಸಿದರೆ 6 ತಿಂಗಳವರೆಗೆ ಸೆರೆ, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದೇಶದ ನಂತರ ಮಾತ್ರ ದಾರಿ ಮಸುಕಾಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಹದಿನೆಂಟರೊಳಗಿನವರ ಪರವಾಗಿ ತಂದೆತಾಯಿಯ ಒಪ್ಪಿಗೆ ಕೇಳುತ್ತದೆ. ವಿಡಿಯೊ ಹಾಕುವವರೇ ತಂದೆತಾಯಿ ಆದಾಗ ಒಪ್ಪಿಗೆ ಕೊಡುವವರಾರು, ಪಡೆಯುವವರಾರು? ಸಿನಿಮಾ, ಧಾರಾವಾಹಿಯ ಬಾಲಕಲಾವಿದರಿಗಾದರೆ ದಿನಕ್ಕೆ ಐದು ಗಂಟೆಯ ಮಿತಿಯಿದೆ, ಸಂಪಾದನೆಯಲ್ಲಿ ಶೇಕಡಾ 20ನ್ನಾದರೂ ಮಗುವಿನ ಹೆಸರಿನಲ್ಲಿ ನಿಶ್ಚಿತ ಠೇವಣಿ ಇಡಬೇಕೆಂಬ ನಿಯಮವಿದೆ. ಮನೆಯಲ್ಲಿಯೇ ಚಿತ್ರೀಕರಣವಾದರೆ ಅದು ಕುಟುಂಬದ ಉದ್ಯಮವೆಂದು ವಾದಿಸುವವರಿದ್ದಾರೆ. ನಾನು ಮಾತುಂಗದ ಉಡುಪಿ ಹೋಟೆಲುಗಳ ನಡುವೆ ಬೆಳೆದವಳು; ಶಾಲೆ ಬಿಟ್ಟ ಮೇಲೆ ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಲೆಕ್ಕ ಬರೆಯುತ್ತಿದ್ದ ಮಾಲೀಕರ ಮಕ್ಕಳನ್ನು ಬಲ್ಲೆ. ಅಲ್ಲಿ ಮಾರಾಟವಾಗುತ್ತಿದ್ದದ್ದು ಇಡ್ಲಿ.

ಫ್ರಾನ್ಸ್ 2020ರಲ್ಲಿಯೇ ಹದಿನಾರರೊಳಗಿನ ಮಕ್ಕಳ ವಿಡಿಯೊ ಸಂಪಾದನೆಗೆ ಕಾನೂನು ಮಾಡಿ, ತಮ್ಮ ಚಿತ್ರಗಳನ್ನು ಅಳಿಸಿ ಎಂದು ಕೇಳುವ ಹಕ್ಕನ್ನು ಮಕ್ಕಳಿಗೇ ಕೊಟ್ಟಿತು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2024ರ ಜುಲೈನಿಂದ, ವ್ಲಾಗ್‌ನಲ್ಲಿ, ಅಂದರೆ ದಿನಚರಿಯ ವಿಡಿಯೊಗಳಲ್ಲಿ, ಕಾಣಿಸಿಕೊಳ್ಳುವ ಮಕ್ಕಳಿಗೆ ಗಳಿಕೆಯ ಪಾಲು ತೆಗೆದಿಡಬೇಕು. ಹಣದ ಪಾಲು ಒಳ್ಳೆಯದೇ. ಆದರೆ ಮನೆಯನ್ನೇ ಕಳೆದುಕೊಂಡ ಮಗುವಿಗೆ ಆ ಪಾಲನ್ನು ಯಾರ ವಿಳಾಸಕ್ಕೆ ಕಳಿಸುತ್ತಾರೋ ಕಾಣೆ.

ನಮ್ಮ ಜನರ ಹಳೆಯ ತಪ್ಪು ಬೇರೆಯದು. ನಮ್ಮ ಕುಟುಂಬಗಳಲ್ಲಿ ಅಂಗವೈಕಲ್ಯವನ್ನು ಮುಚ್ಚಿಟ್ಟರು, ದತ್ತನ್ನು ಮುಚ್ಚಿಟ್ಟರು. ಮದುವೆಯ ಮಾತುಕತೆಗೆ ಬಂದವರ ಮುಂದೆ ಒಬ್ಬ ತಮ್ಮನೇ ಇಲ್ಲವೆಂಬಂತೆ ಒಳಕೋಣೆಯ ಬಾಗಿಲು ಹಾಕಿದ ಮನೆಯನ್ನು ನಾನು ಮುಲುಂಡಿನಲ್ಲಿ ಕಂಡಿದ್ದೇನೆ. ಆ ಬಾಗಿಲು ತೆರೆಯಲೇಬೇಕಿತ್ತು. ಅದರ ಪ್ರಾಯಶ್ಚಿತ್ತವೆಂಬಂತೆ ಈಗ ಎಲ್ಲವನ್ನೂ ತೋರಿಸುತ್ತಾರೆ. ಅಂದು ಫೋಟೊಕ್ಕಾಗಿ ತೆಗೆಸಿದ್ದ ಶ್ರವಣ ಸಾಧನವನ್ನು ಇಂದು ಹತ್ತಿರದಿಂದ ಹಿಡಿದು ತೋರಿಸುತ್ತಾರೆ. ಎರಡೂ ಕಡೆ ನೋಡುವವರ ಕಣ್ಣಿಗೇ ಬೆಲೆ. ದತ್ತು ನಿಯಮಗಳು ಮಗುವಿನ ಹುಟ್ಟಿನ ದಾಖಲೆಗಳನ್ನು ಗೋಪ್ಯವಾಗಿಟ್ಟು, ದೊಡ್ಡವನಾದ ಮೇಲೆ ತನ್ನ ಮೂಲವನ್ನು ಹುಡುಕುವ ಹಕ್ಕನ್ನು ಅವನಿಗೆ ಬಿಟ್ಟಿವೆ. ತಾನು ಎಲ್ಲಿ ಸಿಕ್ಕೆ ಎಂಬುದನ್ನು ಅವನಿಗಿಂತ ಮೊದಲು ಎರಡು ಲಕ್ಷ ಅಪರಿಚಿತರು ತಿಳಿದಿದ್ದರೆ, ಆಮೇಲೆ ಅವನು ಹುಡುಕುವುದಕ್ಕೆ ಉಳಿಯುವುದೇನು? ನಮ್ಮಜ್ಜಿ ಎಳೆಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟು, ಕಂಡವರೆಲ್ಲ ನೋಡಬಾರದು ಎನ್ನುತ್ತಿದ್ದಳು. ದೃಷ್ಟಿಯನ್ನು ನಾನು ನಂಬುವುದಿಲ್ಲ. ಅಜ್ಜಿಯನ್ನು ಈಗ ಸ್ವಲ್ಪ ನಂಬುತ್ತೇನೆ.

ಇದನ್ನು ಬರೆಯುವ ನನಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಮೇಲಿನ ಕುಟುಂಬಗಳ ಊರು, ವಯಸ್ಸು, ವರ್ಷ ಮುಂತಾದವನ್ನು ಬದಲಿಸಿದ್ದೇನೆ, ಘೋಡ್‌ಬಂದರ್ ರಸ್ತೆಯ ದಂಪತಿಗೆ ಈ ಬರಹವನ್ನು ಮೊದಲೇ ಓದಿಸಿದ್ದೇನೆ. ಸಾಕೇ ಎಂದರೆ ಖಾತರಿಯಿಂದ ಹೇಳಲಾರೆ.

ಮೊನ್ನೆ ಆಕೆ ಫೋನ್ ಮಾಡಿದ್ದರು. ರಿಂಗ್ ಲೈಟನ್ನು ಅಡುಗೆಮನೆಗೆ ಸಾಗಿಸಿದ್ದಾರಂತೆ, ಆ ಮೂಲೆಗೆ ಮಂಚ ಬಂದಿದೆಯಂತೆ. ಸ್ವಲ್ಪ ಹೊತ್ತು ಬೇರೆ ಮಾತಾಡಿ, ಕೊನೆಗೆ ಕೇಳಿದರು: "ಅಕ್ಕ, ಮುಖ ಬೇಡ ಬಿಡಿ, ಬೆನ್ನು ಕಡೆಯಿಂದ ಮಾತ್ರ ತೋರಿಸಿದರೆ?" ಮಗು ಬಂದು ಮೂರು ತಿಂಗಳಾದ ಮೇಲೆ ನಿಮಗೇ ತೋರಿಸಬೇಕು ಅನ್ನಿಸಿದರೆ ಆಗ ಇದನ್ನೇ ಕೇಳಿ ಎಂದೆ. ಹೂಂ ಎಂದರು, ಒಪ್ಪಿದರೋ ಬೇಸರಗೊಂಡರೋ ತಿಳಿಯಲಿಲ್ಲ. ವರದಿ ಒಪ್ಪಿಸಲು ಇನ್ನೂ ಹನ್ನೊಂದು ದಿನವಿದೆ. "ಇತರ ಅವಲೋಕನಗಳು" ಎಂಬ ಅಂಕಣವೊಂದು ಖಾಲಿ ಇದೆ.