ಕಾಫಿ ತೋಟದ ಏರು ಅಳೆಯಲು ಫೋನಿನ ವಾಯುಭಾರ ಮಾಪಕ

ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳಿಗೆ ಸ್ಪ್ರಿಂಕ್ಲರ್ ಪೈಪು ಹಾಕಿಸುವುದು ನನ್ನ ಕೆಲಸವಾದ್ದರಿಂದ, ಕೆರೆಯಿಂದ ತೋಟದ ನೆತ್ತಿಗೆ ಎಷ್ಟು ಏರಿದೆ ಎಂಬುದು ಪಂಪಿನ ಮಾತೆತ್ತುವ ಮೊದಲೇ ನನಗೆ ತಿಳಿದಿರಬೇಕು. ಸಿಲ್ವರ್ ಓಕ್ ಮರಗಳ ನಡುವೆ ಲೆವೆಲ್ ಯಂತ್ರ ಇಟ್ಟರೆ ನಾಲ್ಕು ಮಾರು ಆಚೆಗೆ ಏನೂ ಕಾಣುವುದಿಲ್ಲ. ಮರಗಳ ಅಡಿಯಲ್ಲಿ ಜಿಪಿಎಸ್ ತೋರಿಸುವ ಎತ್ತರವನ್ನು ನಂಬುವಂತಿಲ್ಲ. ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ; ಹಾಗಾಗಿ ಮೊದಲ ಅಂದಾಜಿಗೆ ಆ ಒತ್ತಡವನ್ನು ಅಳೆಯುವ ಫೋನಿನ ವಾಯುಭಾರ ಮಾಪಕವನ್ನು ಬಳಸುತ್ತೇನೆ.

ಈ ಸಂವೇದಕ ಎಲ್ಲ ಫೋನುಗಳಲ್ಲೂ ಇರುವುದಿಲ್ಲ. ಐಫೋನುಗಳಿಗೆ ಅದು ಬಂದದ್ದು 2014ರ ಐಫೋನ್ 6ರಿಂದ. ಕಡಿಮೆ ಬೆಲೆಯ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಇಂದಿಗೂ ಇಲ್ಲ. ಸಂವೇದಕವಿಲ್ಲದಿದ್ದರೂ ಕೆಲವು ಆ್ಯಪ್‌ಗಳು ಅಂತರ್ಜಾಲದ ಹವಾಮಾನ ಮಾಹಿತಿಯಿಂದ ಒಂದು ಅಂಕಿಯನ್ನು ತಂದು ತೋರಿಸುತ್ತವೆ. ಫೋನನ್ನು ನೆಲದಿಂದ ಮಹಡಿಗೆ ಒಯ್ದರೂ ಆ ಅಂಕಿ ಕದಲದಿದ್ದರೆ ಅದು ಅಳತೆಯಲ್ಲ ಎಂದು ತಿಳಿಯಬೇಕು.

“ಹವಾಮಾನದವರು 1010 ಅಂತಾರೆ, ನಿಮ್ಮ ಫೋನು 890 ತೋರಿಸ್ತಿದೆಯಲ್ಲ ಸಾರ್, ಕೆಟ್ಟಿದೆಯಾ?” ಎಂದು ತೋಟದ ಲೆಕ್ಕಪತ್ರ ನೋಡುವ ರೈಟರುಗಳು ಕೇಳುವುದುಂಟು. ಎರಡೂ ಸರಿಯೇ. ಹವಾಮಾನ ವರದಿಯಲ್ಲಿ ಬರುವುದು ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿ. ಫೋನು ತೋರಿಸುವುದು ನಾವು ನಿಂತ ಜಾಗದ ನಿಜವಾದ ಒತ್ತಡ. ಸುಮಾರು 1,090 ಮೀಟರ್ ಎತ್ತರದ ಚಿಕ್ಕಮಗಳೂರಿನಲ್ಲಿ ಅದು 890 ಹೆಕ್ಟೋಪಾಸ್ಕಲ್ (ವಾಯುಭಾರ ಅಳೆಯುವ ಮಾನ) ಆಸುಪಾಸಿನಲ್ಲಿರುತ್ತದೆ, ಮುಳ್ಳಯ್ಯನಗಿರಿಯ ತುದಿಯಲ್ಲಿ 800ಕ್ಕಿಂತ ತುಸು ಮೇಲಿರುತ್ತದೆ. ನಮ್ಮ ಎತ್ತರದಲ್ಲಿ ಒಂದು ಹೆಕ್ಟೋಪಾಸ್ಕಲ್ ಇಳಿದರೆ ಹತ್ತಿರ ಹತ್ತಿರ ಹತ್ತು ಮೀಟರ್ ಏರಿದಂತೆ. ಹತ್ತು ಮೀಟರ್ ನೀರನ್ನು ಎತ್ತಲು ಪಂಪಿಗೆ ಬೇಕಾದದ್ದು ಸುಮಾರು ಒಂದು ಕೆ.ಜಿ. ಪ್ರೆಷರ್, ಅಂದರೆ ಒಂದು ಚದರ ಸೆಂ.ಮೀ. ಮೇಲೆ ಒಂದು ಕೆ.ಜಿ.ಯ ಒತ್ತಡ. ಈ ಕಾಕತಾಳೀಯದಿಂದಾಗಿ ಬಾಯಿಲೆಕ್ಕವೇ ಸಾಕಾಗುತ್ತದೆ.

ನಮ್ಮ ಹೊಸ ಹುಡುಗರಿಗೆ ನಾನು ಪದೇಪದೇ ಹೇಳುವುದು ಹೊತ್ತಿನ ವಿಷಯವನ್ನು. ಮಳೆಮೋಡ ಇಲ್ಲದ ದಿನವೂ ನಮ್ಮ ಕಡೆ ವಾಯುಭಾರ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕರ ಹೊತ್ತಿಗೆ ಎರಡು ಮೂರು ಹೆಕ್ಟೋಪಾಸ್ಕಲ್‌ನಷ್ಟು ಇಳಿಯುತ್ತದೆ. ಬೆಳಿಗ್ಗೆ ಕೆರೆಯ ದಂಡೆಯಲ್ಲಿ ಅಂಕಿ ಬರೆದುಕೊಂಡು, ಊಟ ಮುಗಿಸಿ, ಸಂಜೆ ಮೇಲಿನ ತೋಟದಲ್ಲಿ ಇನ್ನೊಂದನ್ನು ಬರೆದುಕೊಂಡವನ ಪುಸ್ತಕದಲ್ಲಿ ಇಲ್ಲದ ಗುಡ್ಡವೊಂದು ಇಪ್ಪತ್ತು ಮೂವತ್ತು ಮೀಟರ್ ಬೆಳೆದಿರುತ್ತದೆ. ಸಾಹುಕಾರರು ಬೇಡದ ಎಚ್‌ಪಿಗೆ ದುಡ್ಡು ತೆರುತ್ತಾರೆ. ಬೆಳಿಗ್ಗೆ ಮೇಲಿನಿಂದ ಶುರು ಮಾಡಿ ಸಂಜೆ ಕೆರೆಗೆ ಇಳಿದವನ ಲೆಕ್ಕದಲ್ಲಿ ಏರು ಕಡಿಮೆಯಾಗುತ್ತದೆ. ಅದು ಇನ್ನೂ ಕಷ್ಟ, ಹೂವಿಗೆ ನೀರು ಕೊಡುವ ಫೆಬ್ರವರಿ–ಮಾರ್ಚ್‌ನಲ್ಲಿ ಮೇಲಿನ ಜೆಟ್ (ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ತಲೆ) ತಿರುಗುವುದೇ ಇಲ್ಲ.

ಆದ್ದರಿಂದ ಕೆರೆಯಲ್ಲಿ ಓದಿ, ನೇರವಾಗಿ ಮೇಲೆ ಹೋಗಿ ಓದಿ, ತಕ್ಷಣ ಹಿಂದಿರುಗಿ ಕೆರೆಯಲ್ಲಿ ಮತ್ತೊಮ್ಮೆ ಓದಬೇಕು. ಕೆರೆಯ ಎರಡು ಅಂಕಿಗಳ ಸರಾಸರಿಯಿಂದ ಮೇಲಿನದನ್ನು ಕಳೆಯಬೇಕು. ಅದೇ ಫೋನನ್ನು ಜೀಪಿನಿಂದ ಹೊರಗೆ ತಂದು, ಗಾಳಿಗೆ ಮೈ ಅಡ್ಡಕೊಟ್ಟು, ದಶಾಂಶದ ಎರಡನೆಯ ಅಂಕಿಯ ಓಲಾಟ ತಗ್ಗುವವರೆಗೆ ಕಾಯಬೇಕು. ನೀರು ಹೋಗದಂತೆ ಪೂರ್ತಿ ಮುಚ್ಚುವ ಕವರ್ ಇದ್ದರೆ ಬಿಚ್ಚಿಡಬೇಕು. ಹೀಗೆ ಸಿಕ್ಕಿದ್ದು ನಿಂತ ನೀರಿನ ಏರು ಮಾತ್ರ. ಪೈಪಿನೊಳಗಿನ ಘರ್ಷಣೆಯನ್ನೂ ಜೆಟ್ಟಿಗೆ ಬೇಕಾದ ಪ್ರೆಷರನ್ನೂ ಸೇರಿಸಿದ ಮೇಲೆಯೇ ನಾನು ಪಂಪಿನ ಎಚ್‌ಪಿ ಹೇಳುತ್ತೇನೆ.