ಕ್ಯಾನ್ವಾಸಿಗೇ ಬಣ್ಣ ಕುಡಿಸಿದವಳು: ಹೆಲೆನ್ ಫ್ರಾಂಕೆನ್‌ಥೇಲರ್

1952ರ ಅಕ್ಟೋಬರ್‌ನಲ್ಲಿ, ನ್ಯೂಯಾರ್ಕಿನಲ್ಲಿ, 23ರ ಹರೆಯದ ಅಮೆರಿಕನ್ ಚಿತ್ರಕಲಾವಿದೆ ಹೆಲೆನ್ ಫ್ರಾಂಕೆನ್‌ಥೇಲರ್ (1928–2011) ‘ಮೌಂಟನ್ಸ್ ಅಂಡ್ ಸೀ’ ರಚಿಸಿದರು. ಸುಮಾರು ಏಳಡಿ ಎತ್ತರ, ಹತ್ತಡಿ ಅಗಲ. ಕ್ಯಾನ್ವಾಸನ್ನು ನೆಲಕ್ಕೆ ಹಾಸುವುದನ್ನು ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್‌ನಿಂದ ಕಲಿತರು ನಿಜ, ಆದರೆ ಅವನ ದಟ್ಟ ಬಣ್ಣ ಬಟ್ಟೆಯ ಮೇಲೆ ಕೂರುತ್ತಿತ್ತು, ಇವರದು ಒಳಗಿಳಿಯಿತು. ಮೊದಲು ಇದ್ದಿಲಿನ ಕೆಲವು ಗೆರೆ, ಆಮೇಲೆ ಟರ್ಪೆಂಟೈನ್ ಬೆರೆಸಿ ನೀರಾಗಿಸಿದ ತೈಲವರ್ಣ, ಅದೂ ಪ್ರೈಮರ್ (ಬಟ್ಟೆ ಬಣ್ಣ ಹೀರದಂತೆ ಮೊದಲೇ ಹಚ್ಚುವ ಲೇಪ) ಬಳಿಯದ ಹತ್ತಿ ಕ್ಯಾನ್ವಾಸಿನ ಮೇಲೆ. ಒರೆಸಿ ತಿದ್ದುವ ಮಾತಿಲ್ಲ: ಒಮ್ಮೆ ಇಂಗಿದರೆ ಮುಗಿಯಿತು.

ತೊಂದರೆ ಇರುವುದು ಎಣ್ಣೆಯಲ್ಲಿ. ಪ್ರೈಮರಿನ ತಡೆಯಿಲ್ಲದೆ ಅದು ನೂಲಿಗೇ ಇಳಿಯುತ್ತದೆ. ಬಣ್ಣದ ಅಂಚು ದಾಟಿ ಹರಡಿ ಕಂದು ವರ್ತುಲ ಮೂಡಿಸುತ್ತದೆ, ವರ್ಷ ಕಳೆದಂತೆ ಆಮ್ಲೀಯವಾಗಿ ನೂಲನ್ನು ಪೆಡಸು ಮಾಡುತ್ತದೆ. ಟರ್ಪೆಂಟೈನ್ ಅತಿಯಾದರೆ ಬಣ್ಣದ ಕಣಗಳನ್ನು ಹಿಡಿದಿಡುವ ಬಂಧಕ ಸಾಲದೆ ಬಣ್ಣ ಪುಡಿಯಾಗುತ್ತದೆ.

1960ರ ದಶಕದಲ್ಲಿ ಅವರು ಎಣ್ಣೆಯಿಲ್ಲದ ಬಣ್ಣವಾದ ಅಕ್ರಿಲಿಕ್‌ಗೆ ಹೊರಳಿದರು. ವರ್ತುಲ ಹೋಯಿತು, ಅಂಚು ಹರಿತವಾಯಿತು, ಬಣ್ಣ ಹೆಚ್ಚು ಸಪಾಟಾಯಿತು. ನನಗಂತೂ ಆ ಹಳೆಯ ಎಣ್ಣೆ ಕಲೆಯೇ ಇಷ್ಟ!

1953ರಲ್ಲಿ ಇವರ ಸ್ಟುಡಿಯೋಗೆ ಬಂದ ಚಿತ್ರಕಾರರಾದ ಮಾರಿಸ್ ಲೂಯಿಸ್, ಕೆನೆತ್ ನೋಲ್ಯಾಂಡ್ ಈ ವಿಧಾನವನ್ನು ವಾಷಿಂಗ್ಟನ್ನಿಗೆ ಒಯ್ದರು. ಆಕೆಯನ್ನು ಪೊಲಾಕ್‌ಗೂ ಇವರಿಬ್ಬರಿಗೂ ನಡುವಿನ ಬರೀ ‘ಸೇತುವೆ’ ಎಂದು ಕರೆದು ದಾಟಿಹೋಗುವ ಕಲಾ ಇತಿಹಾಸ ಮಾತ್ರ ನನಗೆ ಒಪ್ಪಿಗೆಯಿಲ್ಲ.